ಎಣಿಕೆಗಾಯಿ

ನಮ್ಮೂರಿನಲ್ಲಿ ಒಂದು ಎನ್ನುವವರೆಗೆ ಏನೂ ತೊಂದರೆಯಿಲ್ಲ. ಬೆರಳು ತೋರಿಸಿ ಎರಡು ಎಂದಿರೋ, ಎಣಿಕೆ ಶುರುವಾಯಿತು. ಎಣಿಕೆ ಮುಗಿಯುವಷ್ಟರಲ್ಲಿ ಎಣಿಸಿದ್ದರಲ್ಲಿ ಒಂದು ಇರುವುದಿಲ್ಲ. ತೆಂಗಿನಕಾಯಿ ಎಣಿಸಿದರೆ ತೆಂಗಿನಕಾಯಿ, ಕೋಳಿ ಎಣಿಸಿದರೆ ಕೋಳಿ, ಮನುಷ್ಯರನ್ನು ಎಣಿಸಿದರೆ ಮನುಷ್ಯ. ಇಂಥ ಊರನ್ನು ಹುಡುಕಿ ಸರ್ಕಾರ ಒಂದು ವಿಶ್ವವಿದ್ಯಾಲಯ ಕೊಟ್ಟಿತು. ವಿಶ್ವವಿದ್ಯಾಲಯದವರು ತುಂಬ ಯೋಚನೆ ಮಾಡಿ ಅದರಲ್ಲಿ ಒಂದು ಡೇಟಾ ಸೈನ್ಸ್ ವಿಭಾಗ ತೆರೆದರು. ಬೋಳುತಲೆಯವರ ಕೇರಿಯಲ್ಲಿ ಬಾಚಣಿಗೆ ಹಂಚಿದ ಹಾಗಾಯಿತು ಎಂದು ಜನ ನಕ್ಕರು. ನಕ್ಕವರೇ ಮರುದಿನ ಅಲ್ಲಿ ಯಾವುದಾದರೂ ಕೆಲಸ ಖಾಲಿ ಇದೆಯೇ ಎಂದು ಕೇಳಿಕೊಂಡು ಹೋದರು. ನಾನೂ ಹೋದವಳೇ.

ಊರವರು ಇದಕ್ಕೆಲ್ಲ ಹೊಂದಿಕೊಂಡು ತಲೆಮಾರುಗಳೇ ಕಳೆದಿವೆ. ಎಷ್ಟು ತಲೆಮಾರು ಎಂದು ಮಾತ್ರ ಕೇಳಬೇಡಿ. ನಮ್ಮವ್ವ ರೊಟ್ಟಿ ಬಡಿದು ಬುಟ್ಟಿಗೆ ಹಾಕುವಾಗ "ಇದು ನಿಂದು, ಇದು ನಂದು, ಇದು ಯಾರರ ಬಂದರ ಅವರದು" ಎನ್ನುತ್ತಿದ್ದಳು, ಲೆಕ್ಕ ಅಲ್ಲಿಗೆ ಮುಗಿಯಿತು. ಕುರಿ ಕಾಯುವವರು ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದೇ ಕುರಿಯ ಹೆಸರು ಕರೆದು ಒಳಗೆ ಬಿಡುತ್ತಾರೆ. ಪರಊರಿನ ವ್ಯಾಪಾರಿ ಬಂದು ಎಣಿಸದೆ ಕಾಯಿ ಒಯ್ಯುವುದಿಲ್ಲ ಎಂದು ಹಟ ಹಿಡಿದರೆ, ಅದಕ್ಕೂ ಉಪಾಯವಿದೆ. ರಾಶಿಯ ಅಂಚಿಗೆ ಸುಕ್ಕು ಹಿಡಿದ ಒಂದು ಗೊಡ್ಡು ಕಾಯಿ ಇಡುತ್ತಾರೆ. ವ್ಯಾಪಾರಿ ಎಣಿಸುತ್ತಿದ್ದರೆ ಮನೆಯವರು ಪ್ರತಿ ಕಾಯಿ ಮುಟ್ಟಿ "ಇದು ಚಟ್ನಿಗೆ, ಇದು ಹೋಳಿಗೆಗೆ, ಇದು ದೇವರಿಗೆ" ಎಂದು ಹೇಳುತ್ತ ಹೋಗುತ್ತಾರೆ. ಗೊಡ್ಡಿನ ಬಗ್ಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ಹೋಗುವುದು ಅದೇ. ಅದಕ್ಕೆ ಎಣಿಕೆಗಾಯಿ ಎನ್ನುತ್ತಾರೆ.

ಮನುಷ್ಯರ ವಿಷಯದಲ್ಲೂ ಅಷ್ಟೇ. ಎಣಿಸುವ ಹೊತ್ತಿಗೆ ಯಾರ ಹೆಸರು ಯಾರ ಬಾಯಲ್ಲೂ ಇಲ್ಲವೋ ಅವರು ಕಡಿಮೆಯಾಗುತ್ತಾರೆ. ಜನಗಣತಿಯವರು ಬಂದ ದಿನ ನಮ್ಮೂರನ್ನು ನೀವು ಕೇಳಬೇಕು, ಸಂತೆಯೇ ಪರವಾಗಿಲ್ಲ ಎನ್ನಿಸುತ್ತದೆ. ಎಲ್ಲರೂ ತಮ್ಮ ತಮ್ಮವರ ಹೆಸರು ಕೂಗುತ್ತಿರುತ್ತಾರೆ. ನಾನು ಸೊಂಟದ ಮೇಲಿನ ಕೂಸಾಗಿದ್ದಾಗ ಅಂಥ ಒಂದು ದಿನ ಅವ್ವ "ಶಿವಗಂಗಾ, ಶಿವಗಂಗಾ" ಎಂದು ನನ್ನನ್ನು ಕರೆದಳಂತೆ, ಅಪ್ಪ ಅವಳ ಹೆಸರು ಹಿಡಿದು ಕರೆದನಂತೆ. ಅಪ್ಪನ ಹೆಸರನ್ನು ಯಾರೂ ಕರೆಯಲಿಲ್ಲ. ಗಂಡನ ಹೆಸರು ಹೇಳುವುದು ಹೇಗೆ? ಅವ್ವ ಮರ್ಯಾದಸ್ಥರ ಮನೆಯ ಮಗಳು. ಅಪ್ಪ ನಿಂತಲ್ಲೇ ಇಲ್ಲವಾದ. ಹೋದವರು ಎಂದಾದರೊಮ್ಮೆ ನಡೆದುಕೊಂಡು ವಾಪಸು ಬರುತ್ತಾರೆ, ಎಲ್ಲಿದ್ದಿರಿ ಎಂದರೆ ಹೇಳುವುದಿಲ್ಲ. ಅಪ್ಪ ಬಂದಾಗ ನಾನು ಶಾಲೆಗೆ ಹೋಗುತ್ತಿದ್ದೆ, ಅವನ ಮಂಚದ ಮೇಲೆ ಮೆಣಸಿನಕಾಯಿ ಒಣಹಾಕಿದ್ದೆವು. ಅವನು ಅದನ್ನು ನೋಡಿ "ಇರಲಿ ಬಿಡ್ರಿ" ಎಂದು ನೆಲದ ಮೇಲೆ ಮಲಗಿದ. ಸಾಯುವ ತನಕ ನೆಲದ ಮೇಲೇ ಮಲಗಿದ. ಅವ್ವ ಅಂದಿನಿಂದ ಮರ್ಯಾದೆ ಬಿಟ್ಟು ದಿನವಿಡೀ "ಸಂಗಪ್ಪಾ, ನೀರು ಕಾದಾವ. ಸಂಗಪ್ಪಾ, ಉಣ್ಣು ಬಾ" ಎಂದು ಕರೆಯುತ್ತಿದ್ದಳು. ಅಕ್ಕಪಕ್ಕದವರು ಹುಬ್ಬೇರಿಸಿದರೆ ಇನ್ನೂ ಜೋರಾಗಿ ಕರೆಯುತ್ತಿದ್ದಳು.

ಇನ್ನು ವಿಭಾಗಕ್ಕೆ ಬರೋಣ. ಅದಕ್ಕೆ ಒಬ್ಬ ಮುಖ್ಯಸ್ಥರಿದ್ದರು. ರಾಜಧಾನಿಯ ಕಡೆಯವರು, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥದೇ ಮಾತು. ಬಾಗಿಲ ಮೇಲಿನ ಫಲಕದಲ್ಲಿ ಮೂಲಾಕ್ಷರಗಳಷ್ಟೇ ಇದ್ದವು. ಎಲ್ಲರಿಗೂ ಅವರು ಸರ್. ಉಳಿದ ಸರ್‌ಗಳು ಗುರುಪಾದ ಸರ್, ಇಂಥ ಸರ್, ಅಂಥ ಸರ್ ಆಗಿದ್ದರೆ, ಇವರು ಬರೀ ಸರ್. ಹೆಸರು ಸೇರಿಸಿ ಕರೆದರೆ ಅವರಿಗೆ ಮೈಮೇಲೆ ಹಲ್ಲಿ ಬಿದ್ದ ಹಾಗಾಗುತ್ತಿತ್ತು. ಅವರ ಕಂಪ್ಯೂಟರಿನಲ್ಲಿ ಪ್ರತಿ ಸಲ ಲೆಕ್ಕ ಓಡಿಸಿದಾಗಲೂ ಡೇಟಾದ ಒಂದು ಸಾಲು ಮಾಯವಾಗುತ್ತಿತ್ತು. ಬೇರೆಯವರಾದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಸರ್ ಅದರ ಮೇಲೆಯೇ ಪ್ರಬಂಧ ಬರೆದರು. ಆಮೇಲೆ ಆ ಪ್ರಬಂಧದ ಮೇಲೆ ಪ್ರಬಂಧ ಬರೆದರು. ಕಳೆದುಹೋದ ಡೇಟಾದ ವಿಷಯದಲ್ಲಿ ದೇಶದಲ್ಲೇ ಅವರಿಗೆ ಸಮನಿಲ್ಲ ಎಂದು ಪ್ರಮಾಣಪತ್ರವೂ ಬಂತು, ಗೋಡೆಗೆ ತೂಗುಹಾಕಿದರು.

ಊರಿನ ಈ ಸಂಗತಿಯನ್ನು ಅವರು ಮೊದಮೊದಲು ನಂಬಿರಲಿಲ್ಲ. ಪರಿಶೀಲನಾ ಸಮಿತಿ ಎಂದು ಒಂದಿದೆ. ಮಂಜೂರಾದ ಹುದ್ದೆಗಳಲ್ಲಿ ನಿಜವಾಗಿ ಜನ ಇದ್ದಾರೋ ಇಲ್ಲವೋ ಎಂದು ಆಗಾಗ ಬಂದು ತಲೆ ಎಣಿಸಿ ಹೋಗುವುದು ಅದರ ಕೆಲಸ. ಹಿಂದಿನ ಸಲ ಎಣಿಸಿದಾಗ ಟೈಪಿಸ್ಟ್ ಹೋದ. ಎಲ್ಲರೂ ಅವನನ್ನು ಟೈಪಿಸ್ಟ್ ಎಂದೇ ಕರೆಯುತ್ತಿದ್ದರು, ಹೆಸರು ಏನಿತ್ತೋ. ಅವನು ಇನ್ನೂ ಬಂದಿಲ್ಲ, ಬಂದರೂ ಏನೆಂದು ವಿಚಾರಿಸುವುದು? ಅವನು ಹೋದ ಮೇಲೆ ಸರ್ ನಂಬಿದರು. ನಂಬಿ ಒಂದು ಜಾಹೀರಾತು ಬರೆದರು.

ಆ ಜಾಹೀರಾತು ಪ್ರತಿ ತೆಗೆಸಲು ನಮ್ಮ ಅಂಗಡಿಗೇ ಬಂತು. ನಾನು ವಿಶ್ವವಿದ್ಯಾಲಯದ ಗೇಟಿನ ಎದುರು ಜೆರಾಕ್ಸ್ ಅಂಗಡಿಯಲ್ಲಿದ್ದೆ. ಬೈಂಡಿಂಗಿಗೆ ಬಂದ ಪ್ರಬಂಧಗಳನ್ನು ಅಂಟು ಒಣಗುವವರೆಗೆ ಓದುವುದು ನನ್ನ ಚಟ. ಹಾಗೆ ಓದಿ ಓದಿ ನನಗೆ ಸರಾಸರಿಯೂ ಗೊತ್ತಾಯಿತು, ಯಾರು ಯಾರದನ್ನು ನಕಲು ಹೊಡೆದಿದ್ದಾರೆ ಎಂಬುದೂ ಗೊತ್ತಾಯಿತು. ಜಾಹೀರಾತಿನಲ್ಲಿ "ಸಂಶೋಧನಾ ಸಹಾಯಕರು, ತಾತ್ಕಾಲಿಕ, ಒಂದು ಹುದ್ದೆ" ಎಂದಿತ್ತು. ಡಾಕ್ಟರೇಟ್ ಆಗಿರಬೇಕು, ವರ್ಷಗಟ್ಟಲೆ ಅನುಭವ ಇರಬೇಕು, ಹುದ್ದೆ ಕಾಯಂ ಮಾಡಿ ಎಂದು ಎಂದೂ ಕೇಳಬಾರದು. ಇಷ್ಟೆಲ್ಲ ಇದ್ದವರು ಈ ಕೆಲಸಕ್ಕೆ ಬರುವುದಿಲ್ಲ, ಬರುವವರಿಗೆ ಇಷ್ಟೆಲ್ಲ ಇರುವುದಿಲ್ಲ ಎಂದುಕೊಂಡು ಒಂದು ಪ್ರತಿ ನನಗಾಗಿ ತೆಗೆದುಕೊಂಡೆ.

ಸಂದರ್ಶನದಲ್ಲಿ ವಿಮಲಾಕ್ಷಿ ಮೇಡಂ ಇದ್ದರು, ಸರ್ ಇದ್ದರು. ಮೇಡಂ ವಿಭಾಗದಲ್ಲಿ ಸರ್ ನಂತರದವರು, ಕೆಲಸ ಮಾತ್ರ ಸರ್‌ಗಿಂತ ಮೊದಲು ಶುರುಮಾಡಿ ಸರ್ ಹೋದ ಮೇಲೆ ಮುಗಿಸುವವರು. "ಸರಾಸರಿ ಅಂದ್ರ ಏನಮ್ಮಾ?" ಎಂದು ಮೇಡಂ ಕೇಳಿದರು.

"ಎಲ್ಲಾರ ಸಲುವಾಗಿ ಹೊಲಿಸಿದ್ದು, ಯಾರಿಗೂ ಹಿಡಿಸದ ಅಂಗಿರೀ," ಎಂದೆ.

ಮೇಡಂ ಏನೋ ಬರೆದುಕೊಂಡರು. ಸರ್ ಕುರ್ಚಿಯಲ್ಲಿ ಮುಂದೆ ಬಾಗಿ, "ಅದೆಲ್ಲ ಇರಲಿ. ಮನೆಯಲ್ಲಿ ನಿಮ್ಮನ್ನ ಹೆಸರು ಹಿಡಿದು ಕರೆಯೋರು ಯಾರಿದ್ದಾರೆ?" ಎಂದರು.

"ಅವ್ವ ಒಬ್ಬಾಕಿ. ಗಂಟಲ ಆಪರೇಷನ್ ಆದ ಮ್ಯಾಲ ಆಕಿಗೂ ದನಿ ಇಲ್ಲರೀ."

"ಗಂಡ, ಅತ್ತೆ, ಅಣ್ಣತಮ್ಮ?"

"ಯಾರೂ ಇಲ್ಲರೀ."

"ತುಂಬ ಒಳ್ಳೆಯದು," ಎಂದರು ಸರ್. ನನ್ನ ಕಷ್ಟಕ್ಕೆ ಇಷ್ಟು ಸಂತೋಷಪಟ್ಟ ಮನುಷ್ಯರನ್ನು ನಾನು ಅದುವರೆಗೆ ನೋಡಿರಲಿಲ್ಲ. ಡಾಕ್ಟರೇಟ್ ಇಲ್ಲದ್ದು ಅವರ ಕಣ್ಣಿಗೆ ಬೀಳಲೇ ಇಲ್ಲ. ಆದೇಶ ಅಲ್ಲೇ ಟೈಪಾಗಿ ಕೈಗೆ ಬಂತು.

ಆದೇಶ ಹಿಡಿದು ನೇರ ಕ್ಯಾಂಟೀನಿಗೆ ಹೋದೆ. ಕ್ಯಾಂಟೀನು ಎಂದರೆ ಅಂಗಳದ ಆಚೆ ಒಂದು ಕಿಟಕಿ, ಕಿಟಕಿಯೊಳಗೆ ಮಾಬೂಬಿ. ಚಹಾ ಆದ ಕೂಡಲೇ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುವುದು ಅವಳ ಪದ್ಧತಿ. ಅವಳ ದನಿಗೆ ಗ್ರಂಥಾಲಯದ ಗಾಜು ಅದುರುತ್ತಿತ್ತು. ನಾನು ಪೇಡೆ ಕೊಟ್ಟು ಒಳಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಪೇಡೆ ಬಾಯಿಗೆ ಹಾಕಿಕೊಳ್ಳದೆ ಹಾಗೇ ಹಿಡಿದುಕೊಂಡಳು.

"ಮನಿಯಾಗ ಕರಿಯವರು ಯಾರು ಅಂತ ಕೇಳಿದ್ರು ಅಂದಿ?"

"ಹೂಂ, ಅಕ್ಕಾ."

"ಯಾರೂ ಇಲ್ಲಂದ ಕೂಡ್ಲೆ ಆರ್ಡರ್ ಕೊಟ್ರು?"

"ಹೂಂ."

"ಹುಚ್ಚಿ. ಆದೇಶ ಎಲ್ಲಿತನಕ ಐತಿ ಓದು."

ಓದಿದೆ. "ಪರಿಶೀಲನಾ ಸಮಿತಿಯ ಮುಂದಿನ ಭೇಟಿಯವರೆಗೆ" ಎಂದಿತ್ತು.

"ನಿನಗ ನೌಕರಿ ಕೊಟ್ಟಿಲ್ಲವ್ವ ಅವರು," ಎಂದಳು ಮಾಬೂಬಿ. "ನಿನ್ನ ಎಣಿಕೆಗಾಯಿ ಮಾಡ್ಯಾರ."

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಸ್ಲೇಟಿನ ಮೇಲೆ "ಬಿಡು" ಎಂದು ಬರೆದಳು. ನಾನು ಆದೇಶ ಮಡಚಿ ಚೀಲದಲ್ಲಿಟ್ಟುಕೊಂಡೆ. ಅದನ್ನು ಒರೆಸಿ "ನಿಮ್ಮಪ್ಪ" ಎಂದಷ್ಟೇ ಬರೆದಳು. ನಾನು ಹೋದರೆ ಇವಳ ಗತಿಯೇನು ಎಂಬುದು ಸ್ಲೇಟಿನಲ್ಲಿ ಬರೆಯದೆಯೂ ನನಗೆ ಕಾಣುತ್ತಿತ್ತು. ಬಾಗಿಲಲ್ಲಿ ನಿಂತು ಯಾರನ್ನಾದರೂ ಕೂಗಿ ಕರೆಯಲೂ ಆಗದವಳು. ಆದರೂ ಬಿಡಲಿಲ್ಲ. ಓದಿದ್ದನ್ನೆಲ್ಲ ಅಂಟಿನ ಜೊತೆಗೇ ಒಣಗಿಸಿಕೊಂಡವಳಿಗೆ ಮೊದಲ ಸಲ ಒಂದು ಮೇಜು ಸಿಕ್ಕಿತ್ತು.

ಮೇಜಿಗಿಂತ ಹೆಚ್ಚಾಗಿ ನಾನು ಬೀದಿಯಲ್ಲಿರುತ್ತಿದ್ದೆ. ಮನೆಮನೆಗೆ ಹೋಗಿ ಸಾಕುಪ್ರಾಣಿಗಳ ಸಮೀಕ್ಷೆ ಮಾಡುವುದು ನನ್ನ ಕೆಲಸ. ಸರ್ ಕೊಟ್ಟ ನಮೂನೆಯಲ್ಲಿ "ಕೋಳಿಗಳ ಸಂಖ್ಯೆ" ಎಂಬ ಚೌಕವಿತ್ತು. "ಕೋಳಿ ಎಷ್ಟದಾವ?" ಎಂದರೆ ಜನ "ಅದಾವ" ಎನ್ನುತ್ತಿದ್ದರು. ಹಳೇ ಕೇರಿಯ ಒಬ್ಬ ಅಜ್ಜಿ ನನ್ನನ್ನು ಕೂರಿಸಿ, "ಬರಕೋ. ಕೆಂಪಿ ಐತಿ, ಕುಂಟಿ ಐತಿ, ಹೆಡ್‌ಮಾಸ್ತರ ಅಂತ ಒಂದು ಹುಂಜ ಐತಿ, ಅದು ಮುಂಜಾನೆ ತಡಾ ಮಾಡಿ ಕೂಗತೈತಿ," ಎಂದಳು. ನಾನು ಚೌಕ ಬಿಟ್ಟು ಹಾಳೆಯ ಹಿಂದೆ ಹೆಸರು ಬರೆದುಕೊಂಡೆ. ಹಾಗೆಯೇ ಊರಿನ ಎಲ್ಲ ಕೋಳಿ, ಆಡು, ಎಮ್ಮೆಗಳ ಹೆಸರು, ಸ್ವಭಾವ, ಜಗಳಗಳು ನನ್ನ ನೋಟುಪುಸ್ತಕಗಳಲ್ಲಿ ತುಂಬಿಕೊಂಡವು. ಒಂದು ಸಾಲೂ ಮಾಯವಾಗಲಿಲ್ಲ. ಸರ್ ಅವನ್ನು ತಿರುವಿ ನೋಡಿ "ಇದು ಡೇಟಾ ಅಲ್ಲ, ಹರಟೆ. ಕಪಾಟಿನ ಮೇಲೆ ಹಾಕಿ" ಎಂದರು. ಹೇಗೂ ಹೋಗುವವಳು, ಏನಾದರೂ ಬರೆದುಕೊಳ್ಳಲಿ ಎಂಬ ಉದಾರತೆ ಅವರ ಮುಖದಲ್ಲಿತ್ತು.

ಸಮಿತಿ ಬರುವ ಸುದ್ದಿ ಬಂತು. ಸರ್ ತಮ್ಮ ದಾಖಲೆಗಳನ್ನು ಸ್ಕ್ಯಾನ್ ಮಾಡಲು ನನಗೇ ಕೊಟ್ಟರು. ಹಳೆಯ ಶಾಲಾ ಪ್ರಮಾಣಪತ್ರದಲ್ಲಿ ಅವರ ಪೂರ್ಣ ಹೆಸರಿತ್ತು. ಓದಿ ನನಗೆ ನಗು ಬಂತು, ಆಮೇಲೆ ಯಾಕೋ ಪಾಪ ಎನ್ನಿಸಿತು. ತೊಟ್ಟಿಲಲ್ಲಿ ಹಾಕಿ ತೂಗುವಾಗ ಕರೆಯುವಂಥ ಹೆಸರು. ಹಿರಿಯರ ಹೆಸರು, ಹೇಗೆ ಹೇಳಲಿ? "ಸರ್, ಆವತ್ತು ನಿಮ್ಮನ್ನ ಹೆಸರು ಹಿಡಿದು ಕರಿಯಾಕ ಯಾರರ ಬರ್ತಾರೇನ್ರಿ?" ಎಂದು ಕೇಳಿಯೂಬಿಟ್ಟೆ.

ಸರ್ ನಕ್ಕರು. "ನನ್ನ ಹೆಸರು ಗೊತ್ತಿಲ್ಲದವರು ಈ ಕ್ಷೇತ್ರದಲ್ಲಿ ಯಾರಮ್ಮಾ ಇದ್ದಾರೆ? ಬೆಳಗಿಂದ ಸಂಜೆವರೆಗೆ ನೀವೆಲ್ಲ ಕರೆಯೋದು ನನ್ನನ್ನೇ ತಾನೇ?" ಎಂದು, ಅಟೆಂಡರ್ ಅಡಿವೆಪ್ಪನ ಕಡೆ ತಿರುಗಿ, "ಸಮಿತಿ ಬರೋ ದಿನ ಆ ಕ್ಯಾಂಟೀನ್ ಬಂದ್ ಮಾಡಿಸು. ಆ ಹೆಂಗಸಿನ ಕೂಗಾಟ ಬೇಡ," ಎಂದರು. ಕೂಗಾಟ ಯಾಕೆ ಬೇಡ ಎಂದು ಅಡಿವೆಪ್ಪನಿಗೂ ಗೊತ್ತಾಯಿತು. ಅವನು ನನ್ನ ಮುಖ ನೋಡದೆ ಹೋದ.

ಆ ದಿನ ಅವ್ವ ನನ್ನ ತಲೆ ಬಾಚಿದಳು. ಜಡೆ ಹೆಣೆಯುವಾಗ ಅವಳ ತುಟಿ ಅಲುಗುತ್ತಿದ್ದದ್ದು ಕನ್ನಡಿಯಲ್ಲಿ ಕಂಡಿತು. ನನ್ನ ಹೆಸರೇ. ದನಿಯಿಲ್ಲದೆ ಕರೆದರೆ ಎಣಿಕೆಗೆ ಕೇಳಿಸುತ್ತದೋ ಇಲ್ಲವೋ ಯಾರಿಗೆ ಗೊತ್ತು.

ಸಮಿತಿಯ ಅಧ್ಯಕ್ಷರು ದಪ್ಪನೆಯ ಮನುಷ್ಯ, ಅವರ ತೋರುಬೆರಳು ಇನ್ನೂ ದಪ್ಪ. ಸಭಾಕೊಠಡಿಯಲ್ಲಿ ನಮ್ಮನ್ನು ಗೋಡೆಯುದ್ದಕ್ಕೆ ನಿಲ್ಲಿಸಿದರು. ಸರ್, ವಿಮಲಾಕ್ಷಿ ಮೇಡಂ, ಗುರುಪಾದ ಸರ್, ಸಂಶೋಧನೆ ಮಾಡುವ ಹುಡುಗಿ ರುಕ್ಸಾನಾ, ಅಡಿವೆಪ್ಪ. ಕೊನೆಯಲ್ಲಿ, ರಾಶಿಯ ಅಂಚಿನಲ್ಲಿ, ನಾನು. ಮೇಡಂ ಫೋನನ್ನು ಸೆರಗಿನಲ್ಲಿ ಹಿಡಿದಿದ್ದರು, ಅದರಿಂದ ಅವರ ತಾಯಿಯ ದನಿ ಸಣ್ಣಗೆ "ವಿಮಲಾ, ವಿಮಲಾ" ಎನ್ನುತ್ತಿತ್ತು. ಗುರುಪಾದ ಸರ್ ಕಿವಿಯಲ್ಲೂ ಅಂಥದೇ ಏನೋ. ಊರಿನವರಲ್ಲವೇ, ತಯಾರಾಗಿ ಬಂದಿದ್ದರು. ಅಧ್ಯಕ್ಷರ ಮುಂದೆ ಡಬ್ಬಿಯ ಹಣ್ಣಿನ ರಸ ಇಟ್ಟಿದ್ದರು. ಅವರು ಅದನ್ನು ಪಕ್ಕಕ್ಕೆ ಸರಿಸಿ, "ಇದೇನ್ರೀ ಮಕ್ಕಳಿಗೆ ಕೊಡೋದು. ಒಂದು ಚಹಾ ಹುಟ್ಟಲ್ವಾ ನಿಮ್ಮ ಯೂನಿವರ್ಸಿಟೀಲಿ?" ಎಂದರು.

ಸರ್ ಬಾಯಿ ತೆರೆಯುವ ಮೊದಲೇ ಅಡಿವೆಪ್ಪ ಹೊರಗೆ ಓಡಿದ್ದ. ಅವನು ಅಷ್ಟು ಜೋರಾಗಿ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಬಂದ್ ಆಗಿದ್ದ ಕ್ಯಾಂಟೀನಿನಲ್ಲಿ ಕೆಟಲ್ ಕುದಿಯುತ್ತಲೇ ಇತ್ತೆಂದು ಕಾಣುತ್ತದೆ. ಅವನ ಬೆನ್ನಿಗೇ ಮಾಬೂಬಿ ತಟ್ಟೆ ಹಿಡಿದು ಒಳಗೆ ಬಂದಳು. ಅಧ್ಯಕ್ಷರು ಒಂದು ಗುಟುಕು ಕುಡಿದು, ತೃಪ್ತಿಯಿಂದ ಬೆರಳೆತ್ತಿದರು.

"ಒಂದು," ಎಂದರು ಸರ್ ಕಡೆ ತೋರಿಸಿ.

"ಸಾಹೇಬ್ರ, ತಗೋರಿ," ಎಂದು ಮಾಬೂಬಿ ಸರ್ ಕೈಗೆ ಚಹಾದ ಕಪ್ಪು-ಬಸಿ ಕೊಟ್ಟಳು.

"ಎರಡು, ಮೂರು."

"ವಿಮಲಾಕ್ಷಿ ಮೇಡಂ, ನಿಮಗ ಶುಂಠಿ ಹಾಕೀನಿ. ಗುರುಪಾದ ಸರ್, ಬಿಸಿ ಐತ್ರಿ, ಸಾವಕಾಶ."

"ನಾಲ್ಕು, ಐದು."

"ರುಕ್ಸಾನಾ, ಮುಂಜಾನಿಂದ ಏನರ ತಿಂದಿ ಇಲ್ಲ? ಹಿಡಿಯೋ ಅಡಿವೆಪ್ಪಾ."

ಬೆರಳು ನನ್ನ ಎದೆಯ ಕಡೆ ತಿರುಗಿತು. "ಆರು."

"ಶಿವಗಂಗಾ," ಎಂದಳು ಮಾಬೂಬಿ, ಗ್ರಂಥಾಲಯದ ಗಾಜು ಅದುರುವ ಹಾಗೆ. "ಶಿವಗಂಗವ್ವಾ, ನಿನಗ ಸಕ್ರಿ ಕಡಿಮಿ ಹಾಕೀನಿ ನೋಡು."

ಆಗ ಸರ್ ಮುಖದಲ್ಲಿ ಲೆಕ್ಕವೊಂದು ಓಡಿತು. ಅವರು ಒಬ್ಬೊಬ್ಬರ ಕಡೆಗೂ ನೋಡಿ ಕೊನೆಗೆ ನನ್ನ ಕಡೆ ನೋಡಿದರು. ಆ ಕೋಣೆಯಲ್ಲಿ ಅವರ ಹೆಸರು ಗೊತ್ತಿದ್ದವಳು ನಾನೊಬ್ಬಳೇ ಎಂಬುದು ಅವರಿಗೂ ಹೊಳೆಯಿತೆಂದು ತೋರುತ್ತದೆ. ನಾನು ಕೂಗಿದೆ. ಎದೆ ಮುಟ್ಟಿ ಹೇಳುತ್ತೇನೆ, ಉಳಿಸಬೇಕೆಂದೇ ಕೂಗಿದೆ. ನೆಲದ ಮೇಲೆ ಮಲಗುತ್ತಿದ್ದ ಅಪ್ಪನನ್ನು ನೆನೆದು ಕೂಗಿದೆ. ಬಾಯಿಂದ ಬಂದದ್ದು "ಸರ್" ಎಂದು. ಮತ್ತೆ ಕೂಗಿದೆ. ಮತ್ತೂ "ಸರ್" ಎಂದೇ ಬಂತು.

ಕಪ್ಪು-ಬಸಿ ನೆಲದ ಮೇಲೆ ಬಿದ್ದು ಒಡೆದವು. ಸರ್ ಇರಲಿಲ್ಲ.

"ಎಲ್ಲಿ ಹೋದರು ನಿಮ್ಮ ಮುಖ್ಯಸ್ಥರು?" ಎಂದರು ಅಧ್ಯಕ್ಷರು ಹಾಳೆಯಿಂದ ತಲೆಯೆತ್ತಿ.

"ಕಡಿಮಿ ಆದ್ರು ಸಾಹೇಬ್ರ," ಎಂದ ಅಡಿವೆಪ್ಪ.

ಅಧ್ಯಕ್ಷರಿಗೆ ಅದು ಅರ್ಥವಾಗಲಿಲ್ಲ. ಭೇಟಿಯ ನಡುವೆ ಹೇಳದೆ ಕೇಳದೆ ಹೊರನಡೆದ ಅಶಿಸ್ತು ಎಂದು ಬರೆದುಕೊಂಡರು. ಹಾಜರಿದ್ದವರ ಚೌಕದಲ್ಲಿ ಆರು ಎಂದೇ ಇತ್ತು, ಅದನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ಕಾಗದದಲ್ಲಿ ನಾವು ಯಾವಾಗಲೂ ಪೂರ್ತಿ ಇರುತ್ತೇವೆ.

ವಿಭಾಗ ಹೊಂದಿಕೊಂಡಿತು. ಹೇಳದೆ ಹೋದವರ ಹುದ್ದೆ ತೆರವಾದಂತೆ ಎಂಬ ನಿಯಮವಿತ್ತು, ಅದನ್ನು ಮಾಡಿಸಿದವರು ಸರ್ ಅವರೇ. ಆ ಜಾಗಕ್ಕೆ ವಿಮಲಾಕ್ಷಿ ಮೇಡಂ ಬಂದರು. ಬಂದವರೇ ಕಪಾಟಿನ ಮೇಲಿನ ನನ್ನ ನೋಟುಪುಸ್ತಕಗಳನ್ನು ಕೆಳಗಿಳಿಸಿದರು, ನನ್ನ ಆದೇಶದಲ್ಲಿ "ಭೇಟಿಯವರೆಗೆ" ಎಂಬುದನ್ನು ಹೊಡೆದು ನನ್ನನ್ನು ಮಂಜೂರಾದ ಜಾಗಕ್ಕೇ ಸೇರಿಸಿಕೊಂಡರು. ಕೆಂಪಿ, ಕುಂಟಿ, ಹೆಡ್‌ಮಾಸ್ತರರ ವರದಿ ರಾಜಧಾನಿಗೆ ಹೋಗಿ, ಇಂಥ ಹೊಸ ವಿಧಾನ ಎಲ್ಲಿಯೂ ಇಲ್ಲ ಎಂಬ ಹೊಗಳಿಕೆಯೊಂದಿಗೆ ವಾಪಸು ಬಂತು. ಹರಟೆಗೆ ಇಂಗ್ಲಿಷಿನಲ್ಲಿ ಒಂದು ಒಳ್ಳೆಯ ಹೆಸರಿದೆಯಂತೆ. ಮೇಡಂ ತಮ್ಮ ಹಳೆಯ ಮೇಜಿನಲ್ಲೇ ಉಳಿದರು, ಖಾಲಿಯಾದ ಸರ್ ಕೋಣೆಗೆ ಬಿಸಿಲು ಚೆನ್ನಾಗಿ ಬರುತ್ತಿತ್ತು. ಮಾಬೂಬಿ ಅವರ ಮೇಜಿನ ಮೇಲೆ ಮೆಣಸಿನಕಾಯಿ ಒಣಹಾಕಿದಳು.

ಮಳೆಗಾಲ ಕಳೆದು ಬಿಸಿಲು ಬಿದ್ದ ಮೇಲೆ ಒಂದು ಮಧ್ಯಾಹ್ನ ಗೇಟಿನಲ್ಲಿ ಒಬ್ಬರು ನಿಂತಿದ್ದರು. ಇಸ್ತ್ರಿ ಇಲ್ಲದ ಅಂಗಿ, ಮಂಡಿಯವರೆಗೆ ದೂಳು. ಎಲ್ಲಿದ್ದಿರಿ ಎಂದರೆ ಹೇಳಲಿಲ್ಲ. ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ಮೆಣಸಿನಕಾಯಿ ನೋಡಿ ಸೀನಿದರು. ಮೇಡಂ ತಮ್ಮ ಮೇಜಿನಿಂದ ಎದ್ದು ಬಂದು, ಕುರ್ಚಿ ಹಾಕಿಸಿ, ಬಹಳ ಸಂಕೋಚದಿಂದ, ಖಾಲಿ ಇರುವುದು ತಾತ್ಕಾಲಿಕ ಹುದ್ದೆ ಒಂದೇ ಎಂದರು. ಡಾಕ್ಟರೇಟ್, ವರ್ಷಗಟ್ಟಲೆ ಅನುಭವ. ಆ ಜಾಹೀರಾತಿನಲ್ಲಿ ಕೇಳಿದ್ದೆಲ್ಲ ಇದ್ದ ಒಬ್ಬ ಅಭ್ಯರ್ಥಿ ಕೊನೆಗೂ ಸಿಕ್ಕಿದ್ದರು. ಅರ್ಜಿ ತುಂಬಿಸಿಕೊಂಡವಳು ನಾನು. ನಮೂನೆಯ ಕೆಳಗೆ ಅವರೇ ಹಿಂದೆ ಸೇರಿಸಿದ್ದ ಪ್ರಶ್ನೆ ಹಾಗೇ ಇತ್ತು, ಕೇಳಲೇಬೇಕಾಯಿತು. "ಮನಿಯಾಗ ನಿಮ್ಮನ್ನ ಹೆಸರು ಹಿಡಿದು ಕರಿಯವರು ಯಾರದಾರ್ರೀ, ಸರ್?"

ಅವರು ಅಂಗಿಯ ದೂಳು ಕೊಡವಿಕೊಂಡರು. "ಅಮ್ಮ ಕರೀತಿದ್ದರು," ಎಂದರು. "ಈಗಿಲ್ಲ."

ಈಗ ಸಮಿತಿಯಿಂದ ಮತ್ತೆ ಕಾಗದ ಬಂದಿದೆ. ಕಾಗದ ಬಂದ ಸಂಜೆಯೇ ಸರ್ ಕ್ಯಾಂಟೀನಿನ ಕಿಟಕಿಗೆ ಹೋದರು. ನಾನು ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದೆ. ಕಪ್ಪನ್ನು ಅಂಗೈಯಲ್ಲಿ ತಿರುಗಿಸುತ್ತ, ಕೆಳಗೆ ನೋಡುತ್ತ, "ಅಕ್ಕಾ," ಎಂದರು. "ಆವತ್ತು ಚಹಾ ಕೊಡುವಾಗ... ನನ್ನನ್ನೂ ಸ್ವಲ್ಪ ಕರೀತೀರಾ?"

"ಕರಿಯೂಣಂತ. ಹೆಸರೇನ್ರೀ ನಿಮ್ದು?"

"ಮುದ್ದುಕೃಷ್ಣ."

ಮಾಬೂಬಿ ನಗಲಿಲ್ಲ. ಅದನ್ನು ಬಾಯಲ್ಲಿ ಹಾಕಿಕೊಂಡು ರುಚಿ ನೋಡುವವಳಂತೆ ಮೆಲ್ಲಗೆ ಹೇಳಿಕೊಂಡಳು. ಮರುದಿನದಿಂದ ರೂಢಿಯಾಗಲಿ ಎಂದು ಅಂಗಳ ತುಂಬುವ ಹಾಗೆ "ಮುದ್ದುಕೃಷ್ಣಾ, ಚಾ ಆರಾಕತ್ತೈತಿ" ಎಂದು ಕೂಗುತ್ತಾಳೆ, ಸರ್ ಫೈಲು ಬಿಟ್ಟು ಓಡಿ ಬರುತ್ತಾರೆ. ರುಕ್ಸಾನಾ ಕಲಿತಳು, ಅಡಿವೆಪ್ಪ ಕಲಿತ, ನಮ್ಮವ್ವ ಕೂಡ ಒಮ್ಮೆ ಬುತ್ತಿ ಕೊಡಲು ಬಂದವಳು ತುಟಿಯಲ್ಲೇ ಕರೆದು ತೋರಿಸಿದಳು. ನಾನೂ ದಿನಾ ಮುಂಜಾನೆ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ. ಇನ್ನೂ "ಸರ್" ಎಂದೇ ಬರುತ್ತದೆ. ಸಮಿತಿ ಬರಲು ಇನ್ನೂ ದಿನಗಳಿವೆ. ಎಷ್ಟು ದಿನ ಎಂದು ಮಾತ್ರ ಕೇಳಬೇಡಿ.